ಅಟ್ಟದ ಬಾಗಿಲಿಗೆ ಒತ್ತಿಟ್ಟಿದ್ದ ಟಾರ್ಕ್ ಕನ್ವರ್ಟರ್

ಗೇರ್‌ಬಾಕ್ಸನ್ನು ಇಂಜಿನ್ನಿಗೆ ಸೇರಿಸುವ ಕೊನೆಯ ಬೋಲ್ಟ್ ಬಿಗಿಯುತ್ತಿದ್ದಾಗ ಒಳಗೆ ಎಲ್ಲೋ ‘ಕಟಕ್’ ಎಂದಿತು. ಕಡಲೆಕಾಯಿ ಒಡೆದಷ್ಟೇ ಸದ್ದು. ನನಗೆ ಅದು ಕೇಳಿಸಿತು. ಆದರೆ ಆರು ಗಂಟೆಗೆ ಕರೆಂಟು ಹೋಗುವುದರೊಳಗೆ ಕೆಲಸ ಮುಗಿಸಬೇಕೆಂಬ ಆತುರದಲ್ಲಿ, ಕೇಳಿಸದವನಂತೆ ಸ್ಪ್ಯಾನರನ್ನು ಇನ್ನರ್ಧ ಸುತ್ತು ತಿರುಗಿಸಿದೆ. ಆ ಅರ್ಧ ಸುತ್ತು ನನ್ನನ್ನು ಮೂರು ವಾರ ಕುಣಿಸಿತು.

ಕಾರು ಗೆಂಡೆಹಳ್ಳಿ ಕಡೆಯ ಕಾಫಿ ತೋಟದ ಒಡತಿಯೊಬ್ಬರದು. ಅವರನ್ನು ನಾನು ಮೇಡಂ ಎನ್ನುತ್ತಿದ್ದೆ. ಅವರ ತಾತ ಕೊಂಡಿದ್ದ ಅಮೆರಿಕದ ಗಾಡಿ. ಎಂಟು ಸಿಲಿಂಡರ್ ಇಂಜಿನ್, ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಗೇರು. ನಲವತ್ತು ದಾಟಿದ ಮೇಡಂ ಅದನ್ನು ಬೆಂಗಳೂರಿನ ಹೊರಗಿನ ಹಳೇ ವಿಮಾನ ಪಟ್ಟಿಯೊಂದರಲ್ಲಿ ನಡೆಯುವ ಕಾಲು ಮೈಲಿ ಓಟಕ್ಕೆ ಇಳಿಸುತ್ತಿದ್ದರು. ಬಹುಮಾನದ ಆಸೆ ಅವರಿಗಿರಲಿಲ್ಲ. ಹೋದ ವರ್ಷದ ತಮ್ಮದೇ ಸಮಯವನ್ನು ಮುರಿಯಬೇಕು ಅಷ್ಟೇ. ಆಟೋಮ್ಯಾಟಿಕ್ ಎಂದರೆ ಸುತ್ತಮುತ್ತಲ ಮೆಕ್ಯಾನಿಕ್‌ಗಳು ಕೈಮುಗಿದು ಕಳಿಸುತ್ತಿದ್ದರು. ಅರಸೀಕೆರೆಯ ನನ್ನ ಗ್ಯಾರೇಜಿನಲ್ಲಿ ನಾನು ಮಾತ್ರ ಕೈ ಹಾಕಿದ್ದೆ. ಆ ಜಂಬವೂ ನನಗೆ ಸ್ವಲ್ಪ ಇತ್ತು.

ಬಂದದ್ದು ಸಣ್ಣ ಕೆಲಸಕ್ಕೆ. ಎಣ್ಣೆ ಸೋರುತ್ತಿದ್ದ ಸೀಲ್ ಬದಲಿಸಬೇಕಿತ್ತು. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಜೊತೆಗೆ ಟಾರ್ಕ್ ಕನ್ವರ್ಟರನ್ನೂ ಹೊರಗೆ ತೆಗೆಯಬೇಕು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ, ಎಣ್ಣೆ ತುಂಬಿದ, ಸುತ್ತಲೂ ವೆಲ್ಡ್ ಮಾಡಿ ಮುಚ್ಚಿದ ಗುಂಡು ಅದು. ಒಳಗೆ ಎದುರುಬದುರು ಎರಡು ಫ್ಯಾನುಗಳಿರುತ್ತವೆ. ಇಂಜಿನ್ ತಿರುಗಿಸುವ ಫ್ಯಾನು ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಇನ್ನೊಂದು ತಿರುಗಿ ಗಾಡಿಯನ್ನು ಎಳೆಯುತ್ತದೆ. ನಡುವೆ ಸ್ಟೇಟರ್ ಎಂಬ ಮೂರನೆಯ ಚಕ್ರ. ಅದು ಒಂದು ಕಡೆಗೆ ಮಾತ್ರ ತಿರುಗಿ ಇನ್ನೊಂದು ಕಡೆಗೆ ಕಚ್ಚಿಕೊಳ್ಳಬೇಕು.

ಈ ಗುಂಡನ್ನು ಗೇರ್‌ಬಾಕ್ಸಿಗೆ ವಾಪಸು ಕೂರಿಸುವಾಗ ಅದು ಮೂರು ಹಂತದಲ್ಲಿ ಒಳಗಿಳಿಯಬೇಕು. ಫ್ಯಾನಿನ ಹಲ್ಲು, ಸ್ಟೇಟರಿನ ಹಲ್ಲು, ಕೊನೆಗೆ ಎಣ್ಣೆ ಪಂಪಿನ ಹಲ್ಲು. ತಿರುಗಿಸುತ್ತಾ ಒತ್ತಿದರೆ ಮೂರು ಸಲ ‘ಟಕ್’ ಎನ್ನುತ್ತದೆ. ಅಂದು ನಾನು ಎರಡು ಕೇಳಿ ಮೂರು ಎಂದುಕೊಂಡೆ. ಪೂರ್ತಿ ಕೂರದ ಗುಂಡನ್ನು ಬೋಲ್ಟಿನ ಬಲದಿಂದ ಅದುಮಿದೆ. ಪಂಪಿನ ಹಲ್ಲುಗಾಲಿ ಮುರಿಯಿತು, ಕನ್ವರ್ಟರಿನ ಕುತ್ತಿಗೆ ಸೀಳಿತು. ಗೇರ್ ಹಾಕಿದರೆ ಕಾರು ಕದಲಲಿಲ್ಲ. ಕೆಳಗೆ ಕೆಂಪು ಎಣ್ಣೆ ಹರಿದು ನನ್ನ ಚಪ್ಪಲಿಯವರೆಗೆ ಬಂತು.

ಮೇಡಂಗೆ ಫೋನ್ ಮಾಡಿ ಹೇಳಿದೆ, “ಹಳೇ ಸಾಮಾನು ಮೇಡಂ. ಕನ್ವರ್ಟರಿನ ಆಯಸ್ಸು ಮುಗಿದಿತ್ತು, ಹೋಯ್ತು.”

ಅವರು, “ಅದು ನಿಮ್ಮ ತಪ್ಪೇನಲ್ವಲ್ಲ ಮೇಸ್ತ್ರಿ. ಬೇರೆ ಹುಡುಕೋಣ. ಓಟಕ್ಕೆ ಇನ್ನೂ ಇಪ್ಪತ್ನಾಲ್ಕು ದಿನ ಇದೆ” ಎಂದರು.

ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಸಮಾಧಾನದ ಮಾತು ಗಂಟಲಲ್ಲಿ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಪಂಪಿನ ಹಲ್ಲುಗಾಲಿಗೆ ಬದಲಿಯೊಂದು ಅವರ ಹತ್ತಿರವೇ ಇತ್ತು. ಕನ್ವರ್ಟರಿಗೆ ಇರಲಿಲ್ಲ. ಹೊರದೇಶದಿಂದ ಹೊಸದನ್ನು ತರಿಸಲು ಎರಡು ತಿಂಗಳು ಬೇಕು. ಹಳೆಯದೇ ಸಿಗಬೇಕು, ಇಲ್ಲವಾದರೆ ಆ ವರ್ಷದ ಓಟ ಇಲ್ಲ. ಅದೂ ನನ್ನಿಂದ ಇಲ್ಲ.

ಮೊದಲು ಸ್ಟೇಷನ್ ಹಿಂದಿನ ಗುಜರಿಗೆ ಹೋದೆ. ಎರಡು ದಿನ ಹಿತ್ತಲಿನ ರಾಶಿ ಕೆದಕಿದೆವು. ಮೂರನೆಯ ದಿನ ಒಂದು ಗುಂಡು ಸಿಕ್ಕಿತು. ಕುತ್ತಿಗೆಯ ಅಳತೆ ನಮ್ಮದರದ್ದೇ. ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಂದು ಚೂರೂ ಸದ್ದಿಲ್ಲ. ಒಳಗೆ ಏನೂ ಮುರಿದಿಲ್ಲ, ಗಟ್ಟಿಮುಟ್ಟಾಗಿದೆ ಎಂದು ಹಿಗ್ಗಿಹೋದೆ. ಗುಜರಿಯವನು ಕೇಳಿದಷ್ಟು ಕೊಟ್ಟು, ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ನನ್ನ ಅವ್ವ ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಕಾಯಿ ಆಯ್ದವಳು. ನಮ್ಮ ಕಡೆ ಸಿಪ್ಪೆ ಸಮೇತ ತೆಂಗಿನಕಾಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನುವುದೇ ಅದು ಕೊಬ್ಬರಿಯಾಯಿತು ಎಂಬುದಕ್ಕೆ ಗುರುತು. ಮುಚ್ಚಿದ ಕಾಯಿಯ ಹಣೆಬರಹವನ್ನು ಕಿವಿಯಲ್ಲೇ ಓದುವ ಕೆಲಸ ಅವ್ವನದು. ನಾನು ಗುಂಡು ಅಲ್ಲಾಡಿಸಿ ತೋರಿಸಿದರೆ ಅವಳು ಹುಬ್ಬು ಗಂಟಿಕ್ಕಿದಳು.

“ಸದ್ದೇ ಇಲ್ದಿರೋ ಕಾಯ್ನ ಯಾರಾದ್ರೂ ತತ್ತಾರೇನ್ಲಾ? ಒಳಗೆ ಅಂಟ್ಕಂಡೈತೆ, ಇಲ್ಲಾ ಕೊಳ್ತೈತೆ.”

“ಇದು ಕಾಯಲ್ಲ ಕಣವ್ವ. ಕಬ್ಬಿಣದ ಸಾಮಾನು. ಇದರಲ್ಲಿ ಸದ್ದು ಬಂದ್ರೇ ಕೆಟ್ಟಂಗೆ.”

“ನೀನು ಬುದ್ಧಿವಂತ, ಬಿಡು” ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು.

ಗೇರ್‌ಬಾಕ್ಸಿನ ಶಾಫ್ಟನ್ನು ಅದರೊಳಗೆ ಇಳಿಸಿ ತಿರುಗಿಸಿದೆ. ಕದಲಲಿಲ್ಲ. ಸೀಮೆಎಣ್ಣೆ ಸುರಿದು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಬಗ್ಗಿಸಿದರೆ ಇಟ್ಟಿಗೆ ಬಣ್ಣದ ನೀರು ಇಳಿಯಿತು. ಒಳಗೆಲ್ಲ ತುಕ್ಕು ಹಿಡಿದು ಫ್ಯಾನುಗಳು ಒಂದಕ್ಕೊಂದು ಅಂಟಿ ಕೂತಿದ್ದವು. ಗೇರ್‌ಬಾಕ್ಸಿನಿಂದ ಹೊರಗಿರುವಾಗ ಒಳ್ಳೆಯ ಕನ್ವರ್ಟರಿನಲ್ಲಿ ಫ್ಯಾನುಗಳು ಅಷ್ಟಿಷ್ಟು ಸಡಿಲವಾಗಿಯೇ ಇರಬೇಕು, ಅವುಗಳನ್ನು ಹಿಡಿದಿಡಲು ಶಾಫ್ಟು ಇಲ್ಲವಲ್ಲ. ಇದು ನನಗೆ ಗೊತ್ತಿದ್ದ ವಿಷಯವೇ. ಆಸೆ ಹೆಚ್ಚಾದಾಗ ಗೊತ್ತಿದ್ದದ್ದೂ ನೆನಪಿಗೆ ಬರುವುದಿಲ್ಲ. ಒಂಬತ್ತು ದಿನ ಕಳೆದಿದ್ದವು.

ಅವ್ವ ಆ ತುಕ್ಕು ಗುಂಡನ್ನು ಕಾಲಲ್ಲಿ ಉರುಳಿಸಿ ನೋಡಿ, “ಇಂಥದೇ ಒಂದು ಬಸ್ತಿಹಳ್ಳಿ ಯಜಮಾನರ ಅಟ್ಟದ ಮೇಲೈತಲ್ಲ” ಎಂದಳು.

ನಾನು ಕೈಲಿದ್ದ ಬಟ್ಟೆ ಕೆಳಗಿಟ್ಟೆ.

“ಕಾಯಿ ಆಯಕ್ಕೆ ಹೋದಾಗ ಮೊಣಕಾಲಿಗೆ ಬಡಿಸ್ಕಂಡಿದೀನಿ. ಗಾಳಿಗೆ ಅಟ್ಟದ ಬಾಗಿಲು ಬಡಿಬಾರ್ದು ಅಂತ ಒತ್ತಿಕ್ಕವ್ರೆ. ಅವರ ಅಣ್ಣನ ಕಾರಿಂದಂತೆ. ಕಾರು ಯಾವತ್ತೋ ಗುಜರಿಗೆ ಹೋಯ್ತು.”

ಬೀಗ ಹಾಕಿದ ಮನೆಯಲ್ಲಿ ಬೆಳಕು ಕಂಡಂತಾಯಿತು. ಮೇಡಂಗೆ ಫೋನ್ ಮಾಡಿದೆ. ತಾವು ಬೇಲೂರಿನ ಮೇಲೆ ಜೀಪಿನಲ್ಲಿ ಬರುವುದಾಗಿಯೂ, ನಾನು ಹಳೇಬೀಡು ಬಸ್ ನಿಲ್ದಾಣದಲ್ಲಿ ಕಾಯಬೇಕೆಂದೂ ಹೇಳಿದರು. ಅವ್ವ ಸೀರೆ ಬದಲಿಸಿಕೊಂಡು ನಿಂತಿದ್ದಳು. “ನಾನೂ ಬತ್ತೀನಿ. ನಿನ್ ಕಿವಿ ನಂಬಕ್ಕಾಗಕಿಲ್ಲ.”

ಗೋಣಿಚೀಲದಲ್ಲಿ ಮೂರು ವಸ್ತು ಕಟ್ಟಿಕೊಂಡೆ. ಗೇರ್‌ಬಾಕ್ಸಿನ ಶಾಫ್ಟು, ಸ್ಟೇಟರನ್ನು ಹಿಡಿಯುವ ಹಲ್ಲಿನ ಕೊಳವೆ, ಅಳತೆಯ ವರ್ನಿಯರ್. ಇಂಜಿನ್ನಿನ ಹಿಂದಿನ ತಟ್ಟೆಯಲ್ಲಿ ಕನ್ವರ್ಟರನ್ನು ಬಿಗಿಯುವ ತೂತುಗಳಿರುತ್ತವೆ. ಹಳೇ ಕ್ಯಾಲೆಂಡರಿನ ಹಿಂಬದಿಯನ್ನು ಅದರ ಮೇಲೆ ಒತ್ತಿ, ಮಸಿ ಕೈಯಲ್ಲಿ ಉಜ್ಜಿ ಅಚ್ಚು ತೆಗೆದುಕೊಂಡೆ. ತಟ್ಟೆಯಲ್ಲಿ ಎರಡು ಸಾಲು ತೂತುಗಳಿದ್ದವು. ನಾವು ಬಳಸುತ್ತಿದ್ದದ್ದು ಹೊರಸಾಲು. ಒಳಸಾಲು ಯಾಕಿದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಜಾವಗಲ್ ದಾಟುವಾಗ ಕಂಡಕ್ಟರ್ ಅವ್ವನ ಕಾಲಬುಡದ ಗೋಣಿಚೀಲಕ್ಕೆ ಎಡವಿ, “ಏನಮ್ಮ ಇದು, ಒನಕೆನಾ?” ಎಂದ. “ಕಾರಿನ ಕರುಳು ಕಣಪ್ಪ. ಹುಷಾರಾಗಿ ಓಡಾಡು” ಎಂದಳು ಅವ್ವ. ಅವಳಿಗೆ ನನಗಿಂತ ಹೆಚ್ಚು ಉಮೇದು ಬಂದಿತ್ತು.

ಬಸ್ತಿಹಳ್ಳಿಯ ಯಜಮಾನರು ಜೈನರು, ಎಪ್ಪತ್ತರ ಆಸುಪಾಸು, ತೆಂಗಿನ ತೋಟ ಮತ್ತು ಕೊಬ್ಬರಿ ವ್ಯಾಪಾರದವರು. ಮೇಡಂ ಜೀಪಿನಲ್ಲಿ ನಾವು ಮೂವರೂ ಅಲ್ಲಿಗೆ ಹೋದಾಗ ಸಂಜೆ ಐದಾಗಿತ್ತು. ಅವ್ವನನ್ನು ಕಂಡು, “ಬಾರಮ್ಮ. ಮಂಡೀಲಿ ನಿನ್ ಕಿವಿಗೆ ಎದುರಾಡೋರೇ ಇಲ್ಲ ಅಂತಾರೆ” ಎಂದು ನಕ್ಕರು. ಬಂದ ಕೆಲಸ ಹೇಳಿದೆವು. “ನೋಡ್ಕಳಿ. ಆದ್ರೆ ಹೊತ್ತು ಮುಳುಗೋದ್ರೊಳಗೆ ನಂದು ಊಟ ಆಗ್ಬೇಕು. ಅಷ್ಟರೊಳಗೆ ಮಾತು ಮುಗಿಸಿ” ಎಂದರು.

ಅವ್ವ, ಮೇಡಂ, ನಾನು ಏಣಿ ಹತ್ತಿದೆವು. ಅಟ್ಟದ ತುಂಬ ಕಾಯಿ, ಒಣಗಿದ ನಾರಿನ ವಾಸನೆ. ಬಾಗಿಲಿನ ಬುಡದಲ್ಲಿ ಅದು ಕೂತಿತ್ತು. ಮೇಲೆ ಎರಡು ಬೆರಳು ಧೂಳು, ಆದರೆ ಉಗುರಿನಿಂದ ಕೆರೆದರೆ ಕೆಳಗೆ ನೀಲಿ ಛಾಯೆಯ ಕಬ್ಬಿಣ, ತುಕ್ಕಿನ ಸುಳಿವಿಲ್ಲ. ಅಟ್ಟದ ಒಣ ಬಿಸುಪು ಅದನ್ನು ಕಾಪಾಡಿತ್ತು. ಕುತ್ತಿಗೆಯ ಬಾಯಿಗೆ ಯಾರೋ ಪುಣ್ಯಾತ್ಮರು ತೆಂಗಿನ ನಾರು ತುರುಕಿದ್ದರು. ಇಕ್ಕಳದಿಂದ ನಾರನ್ನು ಒಂದೊಂದೆಳೆಯಾಗಿ ಎಳೆದೆ. ಎಣ್ಣೆಯ ವಾಸನೆ ಬಂತು.

ಎತ್ತಿ ಅಲ್ಲಾಡಿಸಿದೆ. ಒಳಗೆ ‘ಗುಡುಕ್’ ಎಂದಿತು. ಸದ್ದಿಲ್ಲದ್ದನ್ನು ತಂದು ಕೆಟ್ಟವನಿಗೆ ಈಗ ಸದ್ದಿರುವುದನ್ನು ಕಂಡೂ ಭಯ. ಸಡಿಲ ಇರಬೇಕಾದದ್ದೇ ಸರಿ, ಆದರೆ ಒಳಗೆ ಏನಾದರೂ ಮುರಿದು ಚೂರಾಗಿದ್ದರೆ ಅದೂ ಸದ್ದು ಮಾಡುತ್ತದಲ್ಲ.

“ಕೊಡಿಲ್ಲಿ” ಎಂದಳು ಅವ್ವ. ಗುಂಡಿನ ಒಂದು ಪಕ್ಕಕ್ಕೆ ಕಿವಿ ಇಟ್ಟು, ನನ್ನ ಕೈಲಿ ನಿಧಾನ ವಾಲಿಸಿದಳು. ಇನ್ನೊಂದು ಪಕ್ಕಕ್ಕೆ ಕಿವಿ ಇಟ್ಟು ಮತ್ತೆ ವಾಲಿಸಿದಳು.

“ಒಂದೇ ಉಂಡೆ. ಒಡಕಿಲ್ಲ. ಒಡಕಾಗಿದ್ರೆ ದಪ್ಪ ಸದ್ದಿನ ಹಿಂದೆ ಸಣ್ಣ ಸದ್ದು ಉಳಕತೈತೆ.”

ಅವ್ವನ ಕಿವಿ ಸರಿ, ಆದರೂ ನನಗೆ ನನ್ನ ಪರೀಕ್ಷೆ ಬೇಕಿತ್ತು. ಕೊಳವೆಯನ್ನು ಇಳಿಸಿದೆ, ಹಲ್ಲಿಗೆ ಹಲ್ಲು ಕೂತಿತು. ಬಲಕ್ಕೆ ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು. ಎಡಕ್ಕೆ ತಿರುಗಿಸಿದರೆ ಕಲ್ಲಿನಂತೆ ನಿಂತಿತು. ಸ್ಟೇಟರ್ ಜೀವಂತ. ಶಾಫ್ಟು ಹಾಕಿ ತಿರುಗಿಸಿದೆ, ಎಲ್ಲೂ ಉಜ್ಜಲಿಲ್ಲ. ಗುಂಡನ್ನು ಬಗ್ಗಿಸಿ ಉಳಿದಿದ್ದ ಎಣ್ಣೆಯನ್ನು ಮೇಡಂ ಅವರ ಬಿಳಿ ಕರ್ಚೀಫಿನ ಮೇಲೆ ಬಿಟ್ಟೆವು. ಕಂದು ಬಣ್ಣ, ಆದರೆ ಸವೆದ ಕಬ್ಬಿಣದ ಪುಡಿಯ ಮಿನುಗಿಲ್ಲ. ಕುತ್ತಿಗೆಯ ಅಳತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತು.

ಕೊನೆಗೆ ಕ್ಯಾಲೆಂಡರಿನ ಅಚ್ಚು ಹಾಸಿ ಅದರ ಮೇಲೆ ಗುಂಡನ್ನು ಇಟ್ಟೆ. ತೂತು ಹೊಂದಲಿಲ್ಲ. ವರ್ನಿಯರಿನಲ್ಲಿ ಎರಡು ಸಲ ಅಳೆದೆ. ಈ ಗುಂಡು ನಮ್ಮದಕ್ಕಿಂತ ಒಂದಿಂಚಿಗೂ ಹೆಚ್ಚು ಚಿಕ್ಕದು. ಕೆಳಗಿದ್ದ ಯಜಮಾನರನ್ನು ಕೂಗಿ ಕೇಳಿದೆ, “ಅಣ್ಣಾವ್ರ ಕಾರು ಎಷ್ಟು ಸಿಲಿಂಡರು ಯಜಮಾನ್ರೇ?”

“ಆರು ಅಂತಿದ್ದ. ಎಂಟರದ್ದು ತಗೊಳ್ಳಕ್ಕೆ ಅಪ್ಪಾಜಿ ಬಿಡ್ಲಿಲ್ಲ.”

ಅಷ್ಟರಲ್ಲಿ ಕ್ಯಾಲೆಂಡರಿನ ಒಳಸಾಲು ಕಣ್ಣಿಗೆ ಬಿತ್ತು. ಗುಂಡನ್ನು ಸ್ವಲ್ಪ ತಿರುಗಿಸಿದೆ. ಒಳಸಾಲಿನ ತೂತುಗಳು ಒಂದೊಂದೂ ಅದರ ಬೋಲ್ಟಿನ ಜಾಗಕ್ಕೆ ಸರಿಯಾಗಿ ಬಂದು ನಿಂತವು. ಮಾಡಿದವರು ಒಂದೇ ತಟ್ಟೆಯಲ್ಲಿ ಎರಡು ಗುಂಡಿಗೂ ಜಾಗ ಬಿಟ್ಟಿದ್ದರು. ನನಗೆ ನಗು ತಡೆಯಲಾಗಲಿಲ್ಲ.

“ಮೇಡಂ, ಇದು ನಮ್ಮದಕ್ಕಿಂತ ಒಳ್ಳೇದು” ಎಂದೆ. ಅವರಿಗೆ ಅರ್ಥವಾಗಲಿಲ್ಲ. ಗೋಣಿಚೀಲದ ಮೇಲೆ ಕೂತು ವಿವರಿಸಿದೆ. ಫ್ಯಾನು ಚಿಕ್ಕದಾದಷ್ಟೂ ಕಡಿಮೆ ವೇಗದಲ್ಲಿ ಅದರ ಹಿಡಿತ ಸಡಿಲ. ಬ್ರೇಕ್ ಒತ್ತಿ ನಿಂತಲ್ಲೇ ಇಂಜಿನ್ನನ್ನು ಇನ್ನೂ ಮೇಲಕ್ಕೆ ಎಬ್ಬಿಸಬಹುದು. ದೊಡ್ಡ ಗುಂಡಿನಲ್ಲಿ ಇಂಜಿನ್ ಅರೆನಿದ್ದೆಯಲ್ಲಿರುವಾಗಲೇ ಕಾರು ಹೊರಡುತ್ತದೆ. ಇದರಲ್ಲಿ ಇಂಜಿನ್ ಪೂರ್ತಿ ಎಚ್ಚರಾದ ಮೇಲೆ ಹೊರಡುತ್ತದೆ. ಪೇಟೆಯ ಓಡಾಟದಲ್ಲಿ ಎಣ್ಣೆ ಸ್ವಲ್ಪ ಹೆಚ್ಚು ಕಾಯುತ್ತದೆ. ಆದರೆ ಕಾಲು ಮೈಲಿ ಓಟದಲ್ಲಿ ಗೆಲುವಿರುವುದು ಮೊದಲ ಅರವತ್ತು ಅಡಿಯಲ್ಲಿ. ಮೇಡಂ ಕಣ್ಣು ಅಗಲವಾಯಿತು. “ತಗೊಳ್ಳೋಣ” ಎಂದರು.

ನಾವು ಕೆಳಗಿಳಿದಾಗ ಯಜಮಾನರು ಏಣಿಯ ಬುಡದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರು. “ನಿಮ್ಮ ಹಳೇದಕ್ಕೆ ಏನಾಯ್ತು?”

“ಆಯಸ್ಸು ಮುಗಿದಿತ್ತಂತೆ” ಎಂದರು ಮೇಡಂ.

ಯಜಮಾನರು ತಲೆ ಅಲ್ಲಾಡಿಸಿದರು. “ಇದೂ ಅದೇ ಕಾಲದ್ದೇ ಅಲ್ವೇನಮ್ಮ. ಅದರ ಆಯಸ್ಸು ಮುಗಿದ ಮೇಲೆ ಇದರದೂ ಮುಗಿದಿರಬೇಕು. ಕೆಟ್ಟಿರಬಹುದು ಅಂತ ಗೊತ್ತಿದ್ದೂ ನಾನು ಯಾವತ್ತೂ ಮಾರಿದೋನಲ್ಲ. ಓಟದಲ್ಲಿ ಇದು ಬಿಚ್ಕಂಡು ನಿಮಗೇನಾದ್ರೂ ಆದ್ರೆ? ಬಾಗಿಲಿಗೇ ಇರ್ಲಿ ಬಿಡಿ.” ಅಂಗಳದ ಬಿಸಿಲು ಹಿಂದೆ ಸರಿಯುತ್ತಿತ್ತು. ಒಳಗಿನಿಂದ ತಟ್ಟೆ ಇಟ್ಟ ಸದ್ದು ಬಂತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಕೈ ಒರೆಸಿಕೊಳ್ಳುತ್ತಾ ನಿಂತೆ. ನಾನು ಹೇಳಿದ್ದ ಸುಳ್ಳೇ ಈಗ ಏಣಿಗೆ ಅಡ್ಡ ನಿಂತಿತ್ತು. ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತದೆ, ಗುಂಡು ಅಟ್ಟದಲ್ಲೇ ಉಳಿಯುತ್ತದೆ. ಬಾಯಿ ಬಿಟ್ಟರೆ ಮೇಡಂ ಇನ್ನೆಂದೂ ನನ್ನ ಗ್ಯಾರೇಜಿಗೆ ಬರಲಿಕ್ಕಿಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದಳು.

“ಅದು ತಾನಾಗಿ ಹೋಗಲಿಲ್ಲ ಯಜಮಾನ್ರೇ. ನಾನು ಮುರಿದೆ” ಎಂದೆ. “ಮೂರು ಸಲ ಟಕ್ ಅನ್ನಬೇಕಿತ್ತು. ಎರಡಕ್ಕೇ ಬಿಗಿದೆ. ಅದರ ಆಯಸ್ಸು ಇನ್ನೂ ಬೇಕಾದಷ್ಟಿತ್ತು. ಮೇಡಂಗೆ ಸುಳ್ಳು ಹೇಳಿದ್ದೆ.”

ಮೇಡಂ ಎಣ್ಣೆಯ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಜೀಪಿನ ಕಡೆ ನೋಡುತ್ತಾ ನಿಂತರು. ಮುಖ ಕೆಂಪಾಗಿತ್ತು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು, “ಇದನ್ನ ಕೂರಿಸೋ ದಿನ ನಾನು ಪಕ್ಕದಲ್ಲಿ ನಿಂತಿರ್ತೀನಿ. ಮೂರೂ ಸದ್ದು ನನ್ನ ಕಿವಿಗೆ ಬೀಳಬೇಕು.”

ಯಜಮಾನರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, “ಹಂಗಾದ್ರೆ ಇದಕ್ಕೆ ಜೀವ ಐತೆ. ಇಳಿಸ್ಕಳಿ” ಎಂದರು. ಬೆಲೆಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು. “ಓಡಿದ್ರೆ ಒಂದ್ಸಲ ಈ ಕಡೆ ತಗೊಂಬನ್ನಿ” ಎಂದು ಊಟಕ್ಕೆ ಒಳಗೆ ಹೋದರು.

ಬಸ್ಸಿನಲ್ಲಿ ವಾಪಸು ಬರುವಾಗ ಬಾಣಾವರದಲ್ಲಿ ಅವ್ವ ಕಿಟಕಿಯಾಚೆ ಎಲೆಅಡಿಕೆ ಉಗುಳಿದಳು. ಆಮೇಲೆ, “ಮೊದ್ಲೇ ಹೇಳಿದ್ರೆ ಸರಾಗವಾಗಿ ನಿದ್ದೆನಾದ್ರೂ ಮಾಡ್ತಿದ್ದೆ ಕಣ್ಲಾ” ಎಂದಳು. ನಾನು ಹೊರಳಾಡುತ್ತಿದ್ದದ್ದು ಅವಳಿಗೆ ಕೇಳಿಸಿತ್ತು.

ಗುಂಡನ್ನು ಸೀಮೆಎಣ್ಣೆಯಲ್ಲಿ ನಾಲ್ಕು ಸಲ ತೊಳೆದೆ. ಮೊದಲನೆಯ ಸಲ ಎರಡು ಎಳೆ ನಾರು ಬಂತು, ಕೊನೆಯ ಸಲ ಬರೀ ತಿಳಿ ಸೀಮೆಎಣ್ಣೆ. ಪಂಪು ಜೋಡಿಸಿ, ಹೊಸ ಸೀಲ್ ಹಾಕಿದೆ. ಓಟಕ್ಕೆ ಆರು ದಿನ ಇದ್ದಾಗ ಮೇಡಂ ಬೆಳಿಗ್ಗೆ ಎಂಟಕ್ಕೇ ಬಂದು ಸ್ಟೂಲಿನ ಮೇಲೆ ಕೂತರು. ನನ್ನ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಗುಂಡಿನೊಳಗೆ ಒಂದು ಲೀಟರ್ ಹೊಸ ಎಣ್ಣೆ ಸುರಿದು, ಎತ್ತಿ, ಶಾಫ್ಟಿನ ಮೇಲೆ ಇಟ್ಟು ತಿರುಗಿಸುತ್ತಾ ಒತ್ತಿದೆ.

ಟಕ್. “ಒಂದು” ಎಂದರು ಮೇಡಂ.

ಟಕ್. “ಎರಡು.”

ಮೂರನೆಯದು ಬರಲಿಲ್ಲ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ, ಒಂದು ಬೆರಳಿನಷ್ಟು ಹಿಂದೆ ಎಳೆದು ಮತ್ತೆ ಒತ್ತಿದೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬೆವರು ಕಣ್ಣಿಗೆ ಇಳಿಯಿತು. ಇದೇ ಜಾಗದಲ್ಲೇ ನಾನು ಅಂದು ಸಾಕು ಎಂದುಕೊಂಡಿದ್ದೆ. ಗುಂಡನ್ನು ಪೂರ್ತಿ ಹೊರಗೆ ತೆಗೆದು, ಪಂಪಿನ ಹಲ್ಲನ್ನು ಬೆರಳಿನಿಂದ ನೆಟ್ಟಗೆ ಮಾಡಿ, ಗುಂಡಿನ ಕುತ್ತಿಗೆಯ ಕಚ್ಚಿಗೆ ಸೀಮೆಸುಣ್ಣದ ಗುರುತು ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಒಂದು. ಎರಡು. ಉಸಿರು ಬಿಟ್ಟು, ಭುಜ ಸಡಿಲ ಮಾಡಿ, ಸುಮ್ಮನೆ ಗುಂಡಿನ ಭಾರವನ್ನೇ ಒರಗಲು ಬಿಟ್ಟೆ.

ಟಕ್. ಗುಂಡು ಹೆಬ್ಬೆರಳಿನಷ್ಟು ಒಳಗೆ ಇಳಿದು ಕೂತಿತು.

“ಮೂರು” ಎಂದರು ಮೇಡಂ, ಸ್ಟೂಲಿನಿಂದ ಎದ್ದು. ಅಳತೆಪಟ್ಟಿ ಅಡ್ಡ ಇಟ್ಟು ತೋರಿಸಿದೆ. ಬೋಲ್ಟುಗಳನ್ನು ಮೊದಲು ಬರಿಗೈಯಲ್ಲೇ ಹಾಕಿ, ಗುಂಡು ಸಲೀಸಾಗಿ ತಿರುಗುತ್ತದೆ ಎಂದು ನೋಡಿಕೊಂಡ ಮೇಲೆಯೇ ಸ್ಪ್ಯಾನರ್ ಮುಟ್ಟಿದೆ. ಸಂಜೆ ಕಾರು ಸ್ಟಾರ್ಟ್ ಆಯಿತು. ಗೇರ್ ಹಾಕಿದ ಕೂಡಲೇ ಹಿಂದಿನ ಭಾಗ ಸ್ವಲ್ಪ ಕುಸಿದು, ಹೊರಡಲೇ ಎಂದು ಕೇಳಿತು. ನನಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಕೈ ತಟ್ಟಿದಳು.

ಮರುದಿನ ಬಸ್ತಿಹಳ್ಳಿಗೆ ಹೋದೆವು. ಯಜಮಾನರು ಮುಂದಿನ ಸೀಟಿನಲ್ಲಿ ಊರುಗೋಲನ್ನು ಎರಡು ಮೊಣಕಾಲ ನಡುವೆ ಹಿಡಿದು ಕೂತರು. ಊರಾಚೆಯ ಖಾಲಿ ರಸ್ತೆಯಲ್ಲಿ ಮೇಡಂ ಎಡಗಾಲಿನಲ್ಲಿ ಬ್ರೇಕ್ ಒತ್ತಿ ಬಲಗಾಲು ಅದುಮಿದರು. ಹಳೇ ಗುಂಡಿನಲ್ಲಿ ಸಾವಿರದ ಆರುನೂರಕ್ಕೇ ತಿಣುಕುತ್ತಿದ್ದ, ಇಂಜಿನ್ನಿನ ಸುತ್ತು ತೋರಿಸುವ ಮುಳ್ಳು ಎರಡು ಸಾವಿರದ ಮುನ್ನೂರಕ್ಕೆ ಹೋಗಿ ನಿಂತಿತು. ಇಡೀ ಕಾರು ನಡುಗುತ್ತಿತ್ತು. ಬ್ರೇಕ್ ಬಿಟ್ಟರು. ನನ್ನ ತಲೆ ಹಿಂದಿನ ಸೀಟಿಗೆ ಬಡಿಯಿತು, ತೆಂಗಿನ ಮರಗಳು ಹಿಂದಕ್ಕೆ ಓಡಿದವು, ಮೇಡಂ ಗಟ್ಟಿಯಾಗಿ ನಗುತ್ತಿದ್ದರು. ಮೂರು ವಾರದಲ್ಲಿ ನಾನು ಅವರ ನಗು ಕೇಳಿದ್ದು ಅದೇ ಮೊದಲು.

ಕಾರು ನಿಂತ ಮೇಲೆ ಯಜಮಾನರು ಊರುಗೋಲನ್ನು ನೆಟ್ಟಗೆ ಮಾಡಿಕೊಂಡರು. “ಬಾಗಿಲಿಗೆ ಈಗ ಕಲ್ಲು ಇಕ್ಕಿದೀನಿ” ಎಂದರು. “ಕಲ್ಲೊಳಗೆ ಇಷ್ಟೊಂದು ಇರಲ್ಲ ಬಿಡು.”

ಓಟದ ದಿನ ಮಧ್ಯಾಹ್ನ ನನ್ನ ಹೊಸ ಮೊಬೈಲಿಗೆ ಕರೆ ಬಂತು. ಗಾಳಿ, ಇಂಜಿನ್ನುಗಳ ಗದ್ದಲ, ನಡುವೆ ಮೇಡಂ ದನಿ. “ಹೋದ ವರ್ಷದ ಟೈಮು ಮುರೀತು ಮೇಸ್ತ್ರಿ. ಬಿಟ್ಟ ತಕ್ಷಣ ನನ್ನ ಮುಂದೆ ಬರೀ ರಸ್ತೆ ಕಾಣ್ತಿತ್ತು. ಕೊನೇಲಿ ಒಬ್ಬ ದಾಟ್ಬಿಟ್ಟ, ದಾಟ್ಲಿ.” ಗ್ಯಾರೇಜಿನಲ್ಲಿ ನಾನೊಬ್ಬನೇ ಇದ್ದೆ. ಕೂತ ಜಾಗದಲ್ಲಿ ಕೂರಲಾಗದೆ ಬೀದಿಯ ತುದಿಯವರೆಗೆ ನಡೆದು ವಾಪಸು ಬಂದೆ.

ಎರಡು ತಿಂಗಳಾದ ಮೇಲೆ ಕಾರು ಮತ್ತೆ ಬಂತು. ಓಟದ ಬಿಸಿಗೆ ನಾನು ಹಾಕಿದ್ದ ಸೀಲ್ ಗಡಸಾಗಿ ಎಣ್ಣೆ ಜಿನುಗುತ್ತಿತ್ತು. ಮತ್ತೆ ಗೇರ್‌ಬಾಕ್ಸ್ ಇಳಿಯಬೇಕು, ಗುಂಡು ಹೊರಗೆ ಬರಬೇಕು, ಮತ್ತೆ ಕೂರಬೇಕು. ಎಲ್ಲ ಬಿಚ್ಚಿ, ತೊಳೆದು, ಸೀಲ್ ಹಾಕಿ, ಗುಂಡು ಎತ್ತುವ ಹೊತ್ತಿಗೆ ಸ್ಟೂಲನ್ನು ಒರೆಸಿ ಮೇಡಂ ಕಡೆಗೆ ಸರಿಸಿದೆ.

ಅವರು ಸ್ಟೂಲನ್ನು ನೋಡಿದರು, ನನ್ನನ್ನು ನೋಡಿದರು. “ಎದುರಿನ ಹೋಟ್ಲಲ್ಲಿ ಕಾಫಿ ಕುಡೀತಿರ್ತೀನಿ. ನೀವು ಕೂರಿಸಿ” ಎಂದು ರಸ್ತೆ ದಾಟಿ ಹೋದರು.

ಗ್ಯಾರೇಜಿನಲ್ಲಿ ಯಾರೂ ಇರಲಿಲ್ಲ. ಗುಂಡನ್ನು ಶಾಫ್ಟಿನ ಮೇಲೆ ಇಟ್ಟು ತಿರುಗಿಸುತ್ತಾ ಒತ್ತಿದೆ. ಒಂದು, ಎರಡು, ಮೂರು ಎಂದು ಎದುರಿನ ಹೋಟೆಲಿಗೂ ಕೇಳುವಷ್ಟು ಗಟ್ಟಿಯಾಗಿ ಎಣಿಸಿದೆ.